ಕೂಸು ಎದೆಗೆ, ಕೈ ಬೆನ್ನಿಗೆ

ಕಾಗವಾಡದಿಂದ ಮಿರಜ ದೂರವೇನಿಲ್ಲ, ಗಡಿ ದಾಟಿದರೆ ಬಂದೇ ಬಿಟ್ಟಿತು. 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು. ಅಂದಿನಿಂದ ಅಥಣಿ, ಕಾಗವಾಡ, ರಾಯಬಾಗದ ಕಡೆಯವರಿಗೆ ದೊಡ್ಡ ದವಾಖಾನಿ ಎಂದರೆ ಮಿರಜ. ನಿಪ್ಪಾಣಿಯವರು ಕೊಲ್ಹಾಪುರದ ಬಸ್ಸು ಹಿಡಿಯುತ್ತಾರೆ, ಚಿಕ್ಕೋಡಿಯವರು ಬೆಳಗಾವಿಗೂ ಹೋಗುತ್ತಾರೆ. ಹೆರಿಗೆಗೆಂದು ತವರಿಗೆ ಬಂದವಳಿಗೆ ಈ ಓಡಾಟ ತಪ್ಪಿದ್ದಲ್ಲ. ಕೂಸಿನ ತೂಕ ನೋಡಿಸಬೇಕು, ಚುಚ್ಚುಮದ್ದು ಹಾಕಿಸಬೇಕು, ಕಣ್ಣು ಹಳದಿಯಾದರೆ ಡಾಕ್ಟರಿಗೆ ತೋರಿಸಬೇಕು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದೊಳಗಿನ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಓಡಾಟ ಹೆಚ್ಚಿತು, ನಿಂತು ಪ್ರಯಾಣ ಮಾಡುವುದೂ ಹೆಚ್ಚಿತು. ಒಂದು ಕೈ ಮೇಲಿನ ಸರಳಿಗೆ, ಇನ್ನೊಂದು ಕೈ ಚೀಲಕ್ಕೆ. ಕೂಸಿಗೆ ಮೂರನೆಯ ಕೈ ಎಲ್ಲಿಂದ ತರಬೇಕು?

ಆ ಮೂರನೆಯ ಕೈ ತಾನೇ ಎಂದು ಹೇಳಿಕೊಂಡು ಈಗ ಸ್ಲಿಂಗ್ ಮೊಬೈಲಿನ ಜಾಹೀರಾತಿನಲ್ಲಿ ಬರುತ್ತಿದೆ. ಹೆಗಲಿನಿಂದ ಸೊಂಟದವರೆಗೆ ಇಳಿಬಿಟ್ಟ ಬಟ್ಟೆ, ಅದರೊಳಗೆ ಅಮ್ಮನ ಎದೆಗೆ ಒರಗಿದ ಕೂಸು. ಕೈ ಎರಡೂ ಖಾಲಿ. ಜಾಹೀರಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಡೆಯುತ್ತ ನಡೆಯುತ್ತಲೇ ಮೊಲೆಯೂಡಿಸಬಹುದು, ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ ಎನ್ನುತ್ತದೆ. ಸ್ಲಿಂಗ್ ಕೊಳ್ಳುವ ತಾಯಿ ಸ್ವಲ್ಪ ನಿಂತು ಯೋಚಿಸಬೇಕಾದದ್ದು ಈ ಕೊನೆಯ ಮಾತಿನ ಬಗ್ಗೆಯೇ.

ಬಟ್ಟೆಯಲ್ಲಿ ಮಗುವನ್ನು ಕಟ್ಟಿಕೊಳ್ಳುವುದು ನಮ್ಮ ಭಾಗಕ್ಕೆ ಹೊಸದಲ್ಲ. ಕಬ್ಬಿನ ಹಂಗಾಮಿನಲ್ಲಿ ಉಗಾರ, ಚಿಕ್ಕೋಡಿ, ಅಥಣಿ, ನಿಪ್ಪಾಣಿಯ ಸಕ್ಕರೆ ಕಾರ್ಖಾನೆಗಳ ಸುತ್ತಲಿನ ಹೊಲಗಳಿಗೆ ಬೀಡದಿಂದ, ವಿಜಯಪುರದ ತಾಂಡಾಗಳಿಂದ ಬರುವ ಗ್ಯಾಂಗುಗಳಲ್ಲಿ ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಮಾಘ ಮಾಸದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬರುವವರಲ್ಲೂ ಕಾಣುತ್ತಾರೆ. ಪೇಟೆಯ ಸ್ಲಿಂಗಿನ ಹುಟ್ಟೂ ಇಂಥದ್ದೇ ರೂಢಿಯಲ್ಲಿದೆ. ಆಫ್ರಿಕಾದ ಟೋಗೊ ದೇಶದಲ್ಲಿ ದಾದಿಯಾಗಿ ಕೆಲಸ ಮಾಡಿದ ಅಮೆರಿಕದ ಆ್ಯನ್ ಮೂರ್ ಅಲ್ಲಿನ ತಾಯಂದಿರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುವುದನ್ನು ನೋಡಿ, ಊರಿಗೆ ಮರಳಿದ ಮೇಲೆ ಸ್ನಗ್ಲಿ ಎಂಬ ಚೀಲ ಮಾಡಿ 1969ರಲ್ಲಿ ಪೇಟೆಂಟ್ ಪಡೆದರು. ಎರಡು ಬಳೆಗಳ ನಡುವೆ ಬಟ್ಟೆ ತೂರಿಸಿ ಬಿಗಿಮಾಡುವ ರಿಂಗ್ ಸ್ಲಿಂಗ್ 1980ರ ದಶಕದ ಆರಂಭದಲ್ಲಿ ಹವಾಯಿಯ ದಂಪತಿಯೊಬ್ಬರು ರೂಪಿಸಿದ್ದು.

ಎತ್ತಿಕೊಂಡು ಓಡಾಡುವುದರಿಂದ ಕೂಸಿಗೆ ಒಳ್ಳೆಯದಾಗುತ್ತದೆ ಎನ್ನುವುದಕ್ಕೆ ಅಧ್ಯಯನಗಳ ಆಧಾರವೂ ಇದೆ. 1986ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಂಝಿಕರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು 99 ತಾಯಿ-ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. ದಿನದಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡಿದ್ದ ಮಕ್ಕಳು ಆರನೇ ವಾರದಲ್ಲಿ ಉಳಿದವರಿಗಿಂತ ಶೇ 43ರಷ್ಟು ಕಡಿಮೆ ಅತ್ತವು. 2012ರಲ್ಲಿ ಇಟಲಿಯಿಂದ ಬಂದ ಇನ್ನೊಂದು ವರದಿ ಎದೆಹಾಲಿನ ಬಗ್ಗೆಯೇ ಇತ್ತು. ಹೆರಿಗೆಯಾದ ತಾಯಂದಿರಲ್ಲಿ ಒಂದು ಗುಂಪಿಗೆ ಕೂಸು ಹೊರುವ ಕ್ಯಾರಿಯರ್ ಕೊಟ್ಟು ಕಟ್ಟಿಕೊಳ್ಳಲು ಕಲಿಸಿದರು. ಎರಡು ತಿಂಗಳಾದಾಗ ಆ ಗುಂಪಿನಲ್ಲಿ ಶೇ 72 ಜನ ಎದೆಹಾಲು ಕೊಡುತ್ತಿದ್ದರು, ಇನ್ನೊಂದು ಗುಂಪಿನಲ್ಲಿ ಶೇ 51. ಐದು ತಿಂಗಳಿಗೆ ಅದು 48 ಮತ್ತು 24 ಆಯಿತು. ಕೂಸು ಎದೆಗೇ ಇದ್ದರೆ ಹಸಿವಿನ ಮೊದಲ ಸುಳಿವು ತಾಯಿಗೆ ಬೇಗ ಸಿಗುತ್ತದೆ. ತುಟಿ ಚಪ್ಪರಿಸುವುದು, ಮುಷ್ಟಿ ಬಾಯಿಗೊಯ್ಯುವುದು, ಮುಖ ಅತ್ತಿತ್ತ ತಿರುಗಿಸಿ ಹುಡುಕುವುದು ಎಲ್ಲ ಅವಳ ಕಣ್ಣ ಕೆಳಗೇ ನಡೆಯುತ್ತದೆ. ಅಳು ಕೇಳಿ ಓಡಿಬರುವ ಹೊತ್ತಿಗೆ ಕೂಸು ಆಗಲೇ ಬಳಲಿರುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ತೀರ ಹತ್ತಿರದ ಕೆಲಸ ನಡೆದದ್ದು ಕೊಪ್ಪಳ ಜಿಲ್ಲೆಯಲ್ಲಿ. 2000 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳನ್ನು ಬರೀ ಮೈಯಲ್ಲಿ ತಾಯಿಯ ಎದೆಗೆ ಬಟ್ಟೆಯಿಂದ ಕಟ್ಟುವ ಕಾಂಗರೂ ಆರೈಕೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ, ಆರೋಗ್ಯ ಕ್ಷೇತ್ರದ ಟ್ರಸ್ಟ್ ಕೆಎಚ್‌ಪಿಟಿ ಮತ್ತು ರಾಜ್ಯ ಸರ್ಕಾರ ಕೂಡಿ ಇಡೀ ಜಿಲ್ಲೆಗೆ ಹರಡಿದವು. ಆಸ್ಪತ್ರೆಯಲ್ಲಿ ಕಲಿತ ತಾಯಂದಿರು ಮನೆಗೆ ಹೋದ ಮೇಲೂ ಮುಂದುವರಿಸಿದರು. ದಾದಿಯರು ಅಲ್ಲಿ ಕಲಿಸುವುದು ನಾಲ್ಕೇ ಮಾತು: ಕೂಸು ನೆಟ್ಟಗಿರಲಿ, ತಲೆ ಒಂದು ಬದಿಗೆ ತಿರುಗಿರಲಿ, ಗದ್ದ ತುಸು ಮೇಲಿರಲಿ, ಬೆನ್ನಿಗೆ ಬಿಗಿ ಇರಲಿ. ಮಾರುಕಟ್ಟೆಯ ಯಾವ ಸ್ಲಿಂಗಿಗೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಇನ್ನು ಅಪಾಯದ ಮಾತು. 2010ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಒಂದು ಎಚ್ಚರಿಕೆ ಹೊರಡಿಸಿತು. ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಸ್ಲಿಂಗಿಗೆ ಸಂಬಂಧಿಸಿದ ಕನಿಷ್ಠ 14 ಸಾವು ದಾಖಲಾಗಿದ್ದವು. ಅವುಗಳಲ್ಲಿ 12 ಕೂಸುಗಳಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಅದೇ ತಿಂಗಳು ಒಂದು ಕಂಪನಿ ತಾನು ಮಾರಿದ್ದ ಹತ್ತು ಲಕ್ಷ ಚೀಲಗಳನ್ನು ವಾಪಸು ಕರೆಸಿಕೊಂಡಿತು. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಎರಡು ತಿಂಗಳೂ ತುಂಬದ ಕೂಸೊಂದು, ತಾಯಿ ಮನೆಯೊಳಗೆ ಓಡಾಡುತ್ತ ಕೈಬಿಟ್ಟು ಹಾಲೂಡಿಸುತ್ತಿದ್ದಾಗ, ಸ್ಲಿಂಗಿನಲ್ಲಿ ಕೆಳಗೆ ಜಾರಿ ಉಸಿರು ಕಳೆದುಕೊಂಡಿತು. ವಿಚಾರಣೆ ನಡೆಸಿದ ಅಧಿಕಾರಿ, ಸ್ಲಿಂಗಿನಲ್ಲಿ ಹಾಲೂಡಿಸುವ ಬಗ್ಗೆ ತಾಯಂದಿರಿಗೆ ಸರಿಯಾದ ಮಾಹಿತಿಯೇ ಇಲ್ಲ ಎಂದು ಬರೆದರು. ಆಮೇಲೆ ಅಲ್ಲಿ ಶಿಶುಗಳ ಸುರಕ್ಷತೆಗೆ ದುಡಿಯುವ ಲಲಬೈ ಟ್ರಸ್ಟ್ ತನ್ನ ಸಲಹೆಯನ್ನು ತಿದ್ದಿ, ಸ್ಲಿಂಗಿನೊಳಗೆ ಕೈಬಿಟ್ಟು ಹಾಲೂಡಿಸುವುದು ಬೇಡ ಎಂದು ಸ್ಪಷ್ಟವಾಗಿ ಹೇಳಿತು. ನಾಲ್ಕು ತಿಂಗಳೊಳಗಿನವು, ಅವಧಿಗೆ ಮೊದಲೇ ಹುಟ್ಟಿದವು, ಕಡಿಮೆ ತೂಕದವು ಇವುಗಳಿಗೆ ಅಪಾಯ ಹೆಚ್ಚು.

ಯಾಕೆ ಹೀಗಾಗುತ್ತದೆ? ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆ ಇನ್ನೂ ನಿಂತಿರುವುದಿಲ್ಲ, ಉಸಿರಿನ ಕೊಳವೆ ತೀರ ಕಿರಿದು. ಜೋಲುಬಿದ್ದ ಬಟ್ಟೆಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗಿದರೆ ಆ ಕೊಳವೆ ಮಡಚಿಕೊಳ್ಳುತ್ತದೆ. ಮೂಗು-ಬಾಯಿ ಮೊಲೆಗೋ ಬಟ್ಟೆಗೋ ಒತ್ತಿಕೊಂಡರೂ ಅಷ್ಟೇ. ಉಸಿರುಕಟ್ಟಿದ ಕೂಸು ಅಳುವುದಿಲ್ಲ, ಒದೆಯುವುದಿಲ್ಲ. ನಿದ್ದೆ ಹೋದಂತೆ ಕಾಣುತ್ತದೆ. ಕೆಲವೇ ನಿಮಿಷದ ಮಾತು. 'ಹಾಲು ಕುಡಿದು ಮಲಗೈತಿ, ಎಬ್ಬಸಬ್ಯಾಡ' ಎನ್ನುವ ಮನೆಯ ಹಿರಿಯರ ಮಾತು ತೊಟ್ಟಿಲಿಗೆ ಸರಿ. ಸ್ಲಿಂಗಿನಲ್ಲಿ ಹಾಲು ಕುಡಿದು ಸುಮ್ಮನಾದ ಕೂಸಿನ ಮುಖವನ್ನು ನೋಡಲೇಬೇಕು.

ಹಾಗಾದರೆ ಹಾಲೂಡಿಸುವ ತಾಯಿ ಸ್ಲಿಂಗ್ ಕೊಳ್ಳಲೇಬಾರದೇ? ಕೊಳ್ಳಬಹುದು. ಆದರೆ ಆಯ್ಕೆಯ ಪ್ರಶ್ನೆ ಬೇರೆಯಾಗಬೇಕು. ನಡೆಯುತ್ತ ಹಾಲೂಡಿಸಲು ಯಾವುದು ಒಳ್ಳೆಯದು ಎಂದು ಕೇಳುವುದನ್ನು ಬಿಟ್ಟು, ಹಾಲಿನ ಹೊತ್ತಿಗೆ ಯಾವುದನ್ನು ಒಬ್ಬಳೇ ಬೇಗ ಸಡಿಲಿಸಿ, ಮುಗಿದ ಕೂಡಲೇ ಮತ್ತೆ ಬಿಗಿಮಾಡಬಹುದು ಎಂದು ಕೇಳಬೇಕು.

ಈ ಅಳತೆಗೆ ಹಿಡಿದರೆ ರಿಂಗ್ ಸ್ಲಿಂಗ್ ಮೊದಲು ನಿಲ್ಲುತ್ತದೆ. ಸುಮಾರು ಎರಡು ಮೀಟರ್ ಬಟ್ಟೆ, ಹೆಗಲ ಬಳಿ ಎರಡು ಬಳೆ. ಬಳೆಯನ್ನು ತುಸು ಎತ್ತಿದರೆ ಬಟ್ಟೆ ಸಡಿಲ, ಇಳಿಬಿದ್ದ ತುದಿಯನ್ನು ಎಳೆದರೆ ಬಿಗಿ. ಮೈಸುತ್ತ ಸುತ್ತುವ ಉದ್ದ ಬಟ್ಟೆಯ ಸ್ಲಿಂಗ್ ಮನೆಯಲ್ಲಿ ಬಲು ಹಿತ. ಆದರೆ ಚಿಕ್ಕೋಡಿಯ ಬಸ್‌ನಿಲ್ದಾಣದಲ್ಲಿ ನಾಲ್ಕೈದು ಮೀಟರ್ ಬಟ್ಟೆ ಬಿಚ್ಚಿ ಮತ್ತೆ ಸುತ್ತುವುದು ಆಗುವ ಮಾತಲ್ಲ, ತುದಿ ನೆಲದ ಕೆಸರಿಗೆ ಬೀಳುತ್ತದೆ. ಹಿಗ್ಗುವ ಬನಿಯನ್ ಬಟ್ಟೆಯದಾದರೆ ಬೇಸಿಗೆಯಲ್ಲಿ ತಾಯಿಗೂ ಕೂಸಿಗೂ ಬೆವರು, ತೂಕ ಹೆಚ್ಚಿದಂತೆ ಜೋಲು ಬೇರೆ. ಪಟ್ಟಿ, ಬಕಲ್ ಇರುವ ಕ್ಯಾರಿಯರ್ ಕುತ್ತಿಗೆ ನಿಂತ ಮಗುವಿಗೆ, ಹೆಚ್ಚು ದೂರ ನಡೆಯುವವರಿಗೆ ಅನುಕೂಲ. ಜಾತ್ರೆ, ಸಂತೆಗಳಲ್ಲಿ 'ಕಾಂಗರೂ ಬ್ಯಾಗ್' ಎಂದು ಮಾರುವ ಅಗ್ಗದ ಚೀಲಗಳನ್ನು ಮಾತ್ರ ತಿರುವಿ ನೋಡಬೇಕು. ಕೂರುವ ಪಟ್ಟಿ ಅಂಗೈಯಗಲವೂ ಇಲ್ಲದೆ ಕಾಲುಗಳು ನೇರ ಕೆಳಗೆ ತೂಗುತ್ತಿದ್ದರೆ ಅದನ್ನು ಅಲ್ಲೇ ಬಿಡಬೇಕು. ಬಟ್ಟೆ ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲಿನವರೆಗೆ ಆನಿಸಿ ಹಿಡಿದು, ಮೊಣಕಾಲು ಕುಂಡಿಗಿಂತ ಮೇಲಿದ್ದರೆ ಸೊಂಟದ ಕೀಲಿಗೆ ಒಳ್ಳೆಯದು.

ಪೇಟೆಯ ಸೂಚನಾಪತ್ರಗಳು ಹೇಳದ ಒಂದು ಸಂಗತಿಯಿದೆ. ಅವು ಪ್ಯಾಂಟು-ಶರ್ಟು ತೊಟ್ಟ ತಾಯಿಗಾಗಿ ಬರೆದವು. ನಮ್ಮಲ್ಲಿ ಸೆರಗು ಎಡ ಹೆಗಲ ಮೇಲೆ. ರಿಂಗ್ ಸ್ಲಿಂಗನ್ನೂ ಎಡ ಹೆಗಲಿಗೇ ಹಾಕಿದರೆ ಸೆರಗು ಬಳೆಗೆ ಸಿಕ್ಕಿ, ಎಳೆದಾಗ ಸೀರೆಯೇ ಬರುತ್ತದೆ. ಆದ್ದರಿಂದ ಬಲ ಹೆಗಲಿಗೆ ಹಾಕುವುದು ಲೇಸು. ಬಳೆಗಳು ಬಲ ಕೊರಳೆಲುಬಿನ ಕೆಳಗೆ ಕೂರಬೇಕು, ಸೆರಗನ್ನು ಮೊದಲೇ ಪಿನ್ನು ಹಾಕಿ ಸೊಂಟಕ್ಕೆ ಸಿಕ್ಕಿಸಬೇಕು. ಆ ಪಿನ್ನು ಕೂಸಿನ ಕೆನ್ನೆ ಒರಗುವ ಜಾಗದಲ್ಲಿ ಇರಬಾರದು, ತಾಳಿಸರ ಬೆನ್ನ ಹಿಂದೆ ಹೋಗಬೇಕು. ಕುಪ್ಪಸಕ್ಕೆ ಮುಂದೆ ಹುಕ್ಕಿದ್ದರೆ ಕೆಳಗಿನ ಎರಡನ್ನು ಬಿಚ್ಚಿದರೆ ಸಾಕು. ಬೆನ್ನಿಗೆ ಹುಕ್ಕಿರುವ ಮದುವೆ ಕುಪ್ಪಸ ತೊಟ್ಟು ಹೊರಟರೆ ಯಾವ ಸ್ಲಿಂಗೂ ನೆರವಿಗೆ ಬಾರದು. ಚೂಡಿದಾರದವರಿಗೆ ಎದೆಯ ಎರಡೂ ಬದಿ ಜಿಪ್ ಇಡಿಸಿದ ಟಾಪು ಅನುಕೂಲ, ಊರಿನ ದರ್ಜಿಯೇ ಇಟ್ಟುಕೊಡುತ್ತಾನೆ.

ಬಟ್ಟೆ ಹತ್ತಿಯದೇ ಇರಲಿ. ಒತ್ತಾಗಿ ನೇಯ್ದ, ಆದರೆ ಒರಟಲ್ಲದ ಕೈಮಗ್ಗದ ಹತ್ತಿಬಟ್ಟೆ ಬಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ರೇಷ್ಮೆಯಂಥ ನುಣುಪು ಬಟ್ಟೆ ಜಾರುತ್ತದೆ. ಅಂಗಡಿಯ ಸ್ಲಿಂಗ್ ಎಂದರೆ ಸಾವಿರಾರು ರೂಪಾಯಿ. ಉದ್ಯೋಗ ಖಾತರಿಯ ದಿನಗೂಲಿ 2025–26ರಲ್ಲಿ 370 ರೂಪಾಯಿ ಇದ್ದ ರಾಜ್ಯದಲ್ಲಿ ಅದು ಎಷ್ಟೋ ಮನೆಗಳಿಗೆ ವಾರದ ದುಡಿಮೆ. ಹಾಗಾಗಿ ಹೊಲಿಸಿಕೊಳ್ಳುವ ಆಸೆ ಸಹಜ, ಅದು ತಪ್ಪೂ ಅಲ್ಲ. ಬಟ್ಟೆಯಲ್ಲಿ ಉಳಿಸಬಹುದು, ಬಳೆಯಲ್ಲಿ ಉಳಿಸಬಾರದು. ಬೆಸುಗೆ ಹಾಕಿದ ಕಬ್ಬಿಣದ ಬಳೆ, ಪರದೆಯ ಬಳೆ, ದನದ ಹಗ್ಗಕ್ಕೆ ಹಾಕುವ ಬಳೆ ಇವು ಯಾವುವೂ ಬೇಡ. ಬೆಸುಗೆಯ ಗುರುತೇ ಇಲ್ಲದ, ಸ್ಲಿಂಗಿಗೆಂದೇ ಭಾರ ಪರೀಕ್ಷಿಸಿ ಮಾಡಿದ ಅಲ್ಯೂಮಿನಿಯಂ ಬಳೆಗಳನ್ನೇ ತರಿಸಬೇಕು. ಹೆಗಲ ಮಡಿಕೆಗೆ ಗಟ್ಟಿ ದಾರದಲ್ಲಿ ಮೂರು ಸಾಲು ಹೊಲಿಗೆ ಇರಬೇಕು. ಕೂಸನ್ನು ಹಾಕುವ ಮೊದಲು ಹತ್ತು-ಹದಿನೈದು ಕಿಲೋ ಜೋಳದ ಚೀಲವನ್ನು ಅದರಲ್ಲಿಟ್ಟು ಪಡಸಾಲೆಯಲ್ಲಿ ನಾಲ್ಕು ಸುತ್ತು ಹಾಕಿ, ಆಮೇಲೆ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹೊಲಿಗೆಯ ತೂತು ಹಿಗ್ಗಿದ್ದರೆ ಬಟ್ಟೆ ತಡೆಯಲಿಲ್ಲ ಎಂದರ್ಥ. ಅಜ್ಜಿಯ ಹಳೆಯ ಇಳಕಲ್ ಸೀರೆಗೂ ಇದೇ ಪರೀಕ್ಷೆ. ಮೆತ್ತಗಿದೆ, ಮಮತೆಯದೂ ಇದೆ, ಆದರೆ ಸವೆದ ಎಳೆ ಭಾರ ತಾಳುವುದಿಲ್ಲ.

ಈಗ ಹಾಲೂಡಿಸುವ ಕ್ರಮ. ರೈಲು ಕುಡಚಿ ದಾಟಿದೆ, ಕೂಸು ಮುಷ್ಟಿ ಚೀಪತೊಡಗಿದೆ ಎಂದುಕೊಳ್ಳೋಣ. ಮೊದಲು ಕುಳಿತುಕೊಳ್ಳಬೇಕು. ಒಂದು ಕೈ ಕೂಸಿನ ಬೆನ್ನಿಗೆ ಕೊಟ್ಟು, ಇನ್ನೊಂದರಿಂದ ಬಳೆ ಎತ್ತಿ ಬಟ್ಟೆಯನ್ನು ಅಷ್ಟೇ ಸಡಿಲಿಸಬೇಕು. ನೆಟ್ಟಗೇ ಇರುವ ಕೂಸು ಮೊಲೆತೊಟ್ಟಿನ ಮಟ್ಟಕ್ಕೆ ಇಳಿದರೆ ಸಾಕು, ಅಡ್ಡ ಮಲಗಿಸುವ ಅಗತ್ಯವಿಲ್ಲ. ಬೆನ್ನಿನ ಕೈ ಹೆಗಲ ನಡುವೆ, ಕುತ್ತಿಗೆಯ ಬುಡಕ್ಕೆ ಬರಬೇಕು. ತಲೆಯನ್ನು ಹಿಂದಿನಿಂದ ಒತ್ತಬಾರದು, ಒತ್ತಿದರೆ ಮೂಗು ಮುಚ್ಚುತ್ತದೆ. ಕುಡಿಯುವಷ್ಟು ಹೊತ್ತೂ ಆ ಕೈ ಅಲ್ಲೇ ಇರಬೇಕು, ಕಣ್ಣು ಮುಖದ ಮೇಲೆ ಇರಬೇಕು. ಮೊಬೈಲು ಚೀಲದಲ್ಲಿ ಇರಲಿ. ತೀರ ಎಳೆಗೂಸಾದರೆ ಬಟ್ಟೆಯಿಂದ ಪೂರ್ತಿ ಹೊರತೆಗೆದು ಮಡಿಲಲ್ಲಿ ಹಾಲೂಡಿಸುವುದೇ ಸರಿಯಾದ ದಾರಿ. ಹಾಲು ಮುಗಿದ ಕೂಡಲೇ ಕೂಸನ್ನು ಮೇಲಕ್ಕೆ ಎತ್ತಿ, ತುದಿ ಎಳೆದು ಬಿಗಿಮಾಡಿ, ಬೆನ್ನು ತಟ್ಟಿ ತೇಗು ತರಿಸಬೇಕು. ತಾಯಿ ತಲೆ ಬಗ್ಗಿಸಿದರೆ ಕೂಸಿನ ನೆತ್ತಿಗೆ ಮುತ್ತಿಡುವಷ್ಟು ಹತ್ತಿರವಿದೆಯೇ, ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳಿನ ಸಂದಿದೆಯೇ ಎಂದು ನೋಡಿಯೇ ಏಳಬೇಕು.

ಮುಖ ಕಾಣುತ್ತಿರಬೇಕು ಎನ್ನುವಲ್ಲಿ ನಮ್ಮ ರೂಢಿಗೂ ಸುರಕ್ಷತೆಗೂ ತಿಕ್ಕಾಟ ಬರುತ್ತದೆ. ಬಸ್ಸಿನಲ್ಲಿ ಹಾಲೂಡಿಸುವವಳಿಗೆ ಪಕ್ಕದ ಸೀಟಿನ ಹಿರಿಯಳು 'ಸೆರಗ ಮುಚ್ಚವ್ವಾ, ದೃಷ್ಟಿ ಆಗತೈತಿ' ಎಂದು ಹೇಳುವುದು ಕಾಳಜಿಯಿಂದಲೇ. ಸ್ಲಿಂಗಿನ ತುದಿಯನ್ನು ಮೇಲೆಳೆದು ಮುಚ್ಚಲು ಬರುವುದನ್ನೇ ಅಂಗಡಿಯವರು ಹೆಗ್ಗಳಿಕೆಯಾಗಿ ಹೇಳುತ್ತಾರೆ. ಬಿಗಿದ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ, ಒಳಗೆ ಬೇಸಿಗೆಯ ಸೆಕೆ, ಮೂಗಿಗೆ ತಾಗುವ ಎದೆ. ಹೀಗಿರುವಾಗ ಕೂಸು ಗಾಳಿಗೆ ಎಲ್ಲಿ ಹೋಗಬೇಕು? ಮರೆ ಬೇಕಾದರೆ ತಾಯಿಯ ಹೆಗಲಿನಿಂದ ಬದಿಗೆ ಇಳಿಬಿಡಬೇಕು, ಮೇಲುಗಡೆ ತೆರೆದಿರಬೇಕು. ಕಿಟಕಿಯ ಕಡೆಗೆ ತಿರುಗಿ ಕೂರಬಹುದು, ಜೊತೆಗಿರುವ ವೈನಿಯೋ ಅತ್ತಿಯೋ ಎದುರು ನಿಲ್ಲಬಹುದು. ನಾಚಿಕೆಯ ಭಾರವನ್ನು ಕೂಸಿನ ಮುಖದ ಮೇಲೆ ಹೊದಿಸುವುದು ನ್ಯಾಯವಲ್ಲ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೊಠಡಿಗಳ ವಿಷಯದಲ್ಲಿ ತೀರ್ಪು ಕೊಟ್ಟಿದೆ. ಬಸ್‌ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಬೀಗವಿಲ್ಲದ, ಫ್ಯಾನು ತಿರುಗುವ ಒಂದು ಕೋಣೆ ಇದ್ದರೆ ಈ ತಿಕ್ಕಾಟದ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಬೈಕಿನ ಮಾತು ಬೇರೆಯೇ ಹೇಳಬೇಕು. ಹಳ್ಳಿಯಿಂದ ತಾಲ್ಲೂಕಿಗೆ ಹೆಚ್ಚಿನ ಕೂಸುಗಳು ಬರುವುದು ಬೈಕಿನಲ್ಲೇ, ಅಪ್ಪ-ಅಮ್ಮನ ನಡುವೆ. ಸ್ಲಿಂಗಿನಲ್ಲಿ ಕಟ್ಟಿದ್ದೇವೆ, ಬೀಳುವುದಿಲ್ಲ ಎನ್ನುವ ಧೈರ್ಯ ಸುಳ್ಳು. 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕೇಂದ್ರದ ನಿಯಮ ಬೈಕಿನ ಮೇಲಿನ ಚಿಕ್ಕಮಕ್ಕಳಿಗೆ ಸುರಕ್ಷತಾ ಪಟ್ಟಿ ಕೇಳುತ್ತದೆ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರಿಗೆ ಹೆಲ್ಮೆಟ್ ಕೇಳುತ್ತದೆ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎನ್ನುತ್ತದೆ. ಸ್ಲಿಂಗ್ ಆ ಪಟ್ಟಿಯಲ್ಲ. ಕಾರಿನಲ್ಲೂ ಅಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಇರುವ ಹಂಗಾಮಿನಲ್ಲಿ ಎಳೆಗೂಸಿನೊಂದಿಗೆ ಬಸ್ಸೇ ವಾಸಿ.

ಕೆಲಸದ ಜಾಗಕ್ಕೂ ಸ್ಲಿಂಗ್ ಉತ್ತರವಾಗುವುದಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಬದುಕನ್ನು ಯುಗಾಂತರ್ ಬಳಗ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿತು, ದೀಪಾ ಧನರಾಜ್ ಅದರ ನಿರ್ದೇಶಕಿ. ಆ ದೂಳಿನಲ್ಲಿ ಕೂಸನ್ನು ಎದೆಗೆ ಕಟ್ಟಿಕೊಳ್ಳುವುದೆಂದರೆ ತಂಬಾಕನ್ನು ಅದರ ಮೂಗಿಗೆ ಹಿಡಿದಂತೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲೇ ಶಿಶುಪಾಲನಾ ಕೋಣೆಯ ಮಾತಿತ್ತು. ಮನೆಯಲ್ಲಿ ಬೀಡಿ ಕಟ್ಟುವವರಾದರೆ ಮೊರ ಕೆಳಗಿಟ್ಟು, ಕೈ ತೊಳೆದು, ಮೇಲಿನ ಬಟ್ಟೆ ಬದಲಿಸಿ ಕೂಸನ್ನು ಎತ್ತಿಕೊಳ್ಳಬೇಕು. ಸ್ಲಿಂಗನ್ನು ತಂಬಾಕಿನ ಕೋಣೆಯಲ್ಲಿ ತೂಗುಹಾಕಬಾರದು. ಕಬ್ಬಿನ ಗದ್ದೆಯಲ್ಲಿ ಕೊಯ್ತಾ ಬೀಸುವವಳ ಮೈಮೇಲೂ, ಒಲೆಯ ಮುಂದೆ ರೊಟ್ಟಿ ಬಡಿಯುವವಳ ಎದೆಯಲ್ಲೂ ಕೂಸು ಇರಬಾರದು.

ಹಾಗೆಂದು ಆ ತಾಯಂದಿರಿಗೆ ಬೇರೆ ದಾರಿ ಏನಿದೆ ಎಂದು ಕೇಳದೆ ಸ್ಲಿಂಗಿನ ಲೇಖನ ಬರೆಯುವುದು ಅರೆಬರೆ ಕೆಲಸ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿತು. ಒಳ್ಳೆಯ ಯೋಜನೆ. ಆದರೆ ಅದು ಆರು ತಿಂಗಳು ದಾಟಿದ ಮಕ್ಕಳಿಗೆ. ಎದೆಹಾಲು ಒಂದೇ ಆಹಾರವಾಗಿರುವ ಮೊದಲ ಆರು ತಿಂಗಳು, ಅದರಲ್ಲೂ ಸ್ಲಿಂಗಿನಲ್ಲಿ ಅಪಾಯ ಹೆಚ್ಚಿರುವ ಮೊದಲ ನಾಲ್ಕು ತಿಂಗಳು, ಕೂಸು ತಾಯಿಯ ಮೈಯಲ್ಲೇ ಇರುತ್ತದೆ. ಹೆರಿಗೆ ರಜೆ ಇಲ್ಲದ ಕೂಲಿಯವಳಿಗೆ ಆ ತಿಂಗಳುಗಳಲ್ಲಿ ಬೇಕಾದದ್ದು ಕೂಲಿಯ ಬದಲಿಗೆ ಸಿಗುವ ಹಣ ಮತ್ತು ವಿಶ್ರಾಂತಿ. ಬಟ್ಟೆಯ ಪಟ್ಟಿಯೊಂದು ಆ ಜಾಗ ತುಂಬದು.

ಕಲಿಸುವ ಕೆಲಸ ಮಾತ್ರ ಈಗಲೇ ಆಗಬಹುದು, ಅದಕ್ಕೆ ಹೊಸ ಇಲಾಖೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಆರು ಸಲ ಬರುತ್ತಾಳೆ: 3, 7, 14, 21, 28 ಮತ್ತು 42ನೇ ದಿನ. ಕೂಸನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ, ಹಾಲು ಹಿಡಿಯುತ್ತಿದೆಯೇ ಎಂದು ಕೇಳುತ್ತಾಳೆ. ಬಾಣಂತನ ಮುಗಿಸಿ ಹೊರಗೆ ಹೆಜ್ಜೆ ಇಡುವ ಹೊತ್ತು 42ನೇ ದಿನದ ಆ ಕೊನೆಯ ಭೇಟಿಗೆ ಹತ್ತಿರವೇ ಬರುತ್ತದೆ. ಅಂದು 'ಯವ್ವಾ, ಕೂಸಿನ ಹೆಂಗ ಕಟ್ಕೊಂಡ ಹೋಗ್ತಿ, ಒಮ್ಮೆ ತೋರಿಸು ನೋಡೋಣ' ಎಂದು ಕೇಳಿದರೆ ಸಾಕು. ಅಂಗಡಿಯ ಸ್ಲಿಂಗೇ ಇರಲಿ, ಹಳೆ ಸೀರೆಯೇ ಇರಲಿ, ಅವಳೆದುರೇ ಒಮ್ಮೆ ಕಟ್ಟಿ, ಗದ್ದ ನೋಡಿ, ಮೂಗು ನೋಡಿ, ಕುಳಿತು ಸಡಿಲಿಸಿ ಹಾಲೂಡಿಸಿ, ಮತ್ತೆ ಬಿಗಿಮಾಡಿ ತೋರಿಸಲು ಹತ್ತು ನಿಮಿಷ ಹಿಡಿಯುತ್ತದೆ. ಕೊಪ್ಪಳದ ತಾಯಂದಿರು ಎರಡು ಕಿಲೋ ತೂಗದ ಕೂಸುಗಳನ್ನು ಎದೆಗೆ ಕಟ್ಟಿಕೊಳ್ಳುವುದನ್ನು ಕಲಿತದ್ದೂ ಹೀಗೆಯೇ, ಪಕ್ಕದಲ್ಲಿ ಕುಳಿತು ಕೈಹಿಡಿದು ತೋರಿಸಿದವರಿಂದ.